ನಾನು ನೀರಿನ ಮೇಲಿದ್ದೆ

ನನಗೆ ಎಂತದೂ ಗೊತ್ತಾಗಲಿಲ್ಲ.
ರಾತ್ರಿ ಎರಡೂ ಇಪ್ಪತ್ತಕ್ಕಂತೆ, ಏಳು ಸೆಕೆಂಡಂತೆ.
ಆ ಹೊತ್ತಿಗೆ ಕೂರ್ಮಗಡದ ಆಚೆ ಬಲೆ ಬಿಟ್ಟು
ಬೀಡಿಗೆ ಕಡ್ಡಿ ಗೀರುತ್ತಿದ್ದೆ.
ನೀರು ಎಂದಿನ ಹಾಗೆ ತೂಗುತ್ತಿತ್ತು,
ಅದಕ್ಕೆ ತೂಗುವುದೇ ಕೆಲಸ.

ಬೆಳಕು ಹರಿದು ಬೈತಖೋಲಕ್ಕೆ ಬಂದರೆ
ಧಕ್ಕೆಯ ಮೇಲೆ ಬುಟ್ಟಿಯ ಹೆಂಗಸರಿಲ್ಲ,
ಐಸಿನವನಿಲ್ಲ, ದರ ಕೂಗುವವನಿಲ್ಲ.
ಕೇರಿಗೆ ಕೇರಿಯೇ ರಸ್ತೆಗಿಳಿದು ಕೂತಿದೆ
ಚಾಪೆ, ಚಾದರ, ಗೋಡೆ ಗಡಿಯಾರ ಸಮೇತ.
ಎರಡು ಬುಟ್ಟಿ ಬಂಗಡೆ ನನ್ನ ಕಾಲ ಬಳಿ
ಯಾರಿಗೂ ಬೇಡ.
ಎಲ್ಲರಿಗೂ ಬೇಕಾದದ್ದು
ಇನ್ನೂ ಕತೆ ಕೇಳದ ಒಂದು ಕಿವಿ.

ನೇವಿಯವರು ಬಂಡೆ ಒಡೀತಿದ್ದಾರೆ ಅಂದುಕೊಂಡೆ,
ಅಂದ ದಾಮು ತಾಂಡೇಲ.
ಗೂಡ್ಸ್ ರೈಲೆಂದು ಮಗ್ಗುಲು ಬದಲಿಸಿದಳಂತೆ ಪಿಯದಾದ್ ಬಾಯಿ,
ಗೋಡೆಯ ಮೇಲಿನ ಯೇಸು ಮೊಳೆಯಲ್ಲಿ ಓಲಾಡುವವರೆಗೆ.
ಕುಡಿದು ಬಂದು ಮಂಚ ಒದೆಯುತ್ತಿದ್ದಾನೆ ಗಂಡ ಎಂದು
ಕಣ್ಣು ಬಿಡದೆ ಬೈದಳಂತೆ ಸುಗಂಧಾ.
ಅವನು ಹೋಗಿ ಮೂರು ವರ್ಷ.
ಹೇಳಿ ನಕ್ಕಳು. ಆ ನಗು ನಿಲ್ಲಿಸಲು
ಇಬ್ಬರು ಬೆನ್ನು ಸವರಬೇಕಾಯಿತು.

ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿದ್ದರು ಎಲ್ಲ.
ಸಿಕ್ಕಿದ್ದೇನೆಂದು ಈಗ ನೋಡಿಕೊಂಡು ನಾಚಿಕೆ.
ಬ್ಯಾಂಕಿನ ಶಾನಭಾಗರ ಮುಷ್ಟಿಯಲ್ಲಿ ಟೀವಿ ರಿಮೋಟು,
ಬೆಳಗಾದರೂ ಬಿಟ್ಟಿಲ್ಲ.
'ಗಾಬರಿಯಾಗಬೇಡಿ, ಸಾಲಾಗಿ ಹೊರಗೆ ನಡೆಯಿರಿ' ಎಂದು
ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ ಗಜಾನನ ಮೇಷ್ಟ್ರು
ಕಿಟಕಿಯಿಂದ ಹಾರಿ ಪಾದ ಉಳುಕಿಸಿಕೊಂಡು
ಯಾರ ಕಣ್ಣೂ ತಪ್ಪಿಸಿ ಎಣ್ಣೆ ತಿಕ್ಕುತ್ತಿದ್ದರು.

ಶೇವಂತಿ ಓಡಲಿಲ್ಲವಂತೆ.
ಮಗಳು ಅಂಗಳದಿಂದ ಕೂಗಿದಳಂತೆ, ಅಮ್ಮಾ ಬಾ, ಬಾ.
ಇವಳು ಎರಡೂ ಅಂಗೈ ಗೋಡೆಗೆ ಒತ್ತಿ ನಿಂತಿದ್ದಳಂತೆ.
ಗೋಡೆ ಬೀಳದ ಹಾಗೆ ಹಿಡಿದೆಯಾ, ಕೇಳಿದೆ.
ಗೊತ್ತಿಲ್ಲ, ಕಾಲು ನನ್ನದಾಗಿರಲಿಲ್ಲ, ಅಂದಳು.
ಆಮೇಲೆ, ಒಲೆಯ ಕಡೆ ತಿರುಗಿ,
'ದೋಣಿ ಮೇಲೆ ನೀವು ಹಿಂಗೇ ಹಿಡ್ಕಂತ್ರಿ ಅಂದ್ಕಂಡೆ.'
ಇಪ್ಪತ್ತೆರಡು ವರ್ಷ ಗಾಳಿಯ ರಾತ್ರಿಗಳಲ್ಲಿ ಬಾಗಿಲಲ್ಲಿ ನಿಂತವಳು.
ಏನು ಹೇಳಲಿ ಎಂದು ಹೊಳೆಯದೆ
ಬಂಗಡೆ ತೊಳೆಯಲು ಕೂತೆ.

ಹತ್ತು ಗಂಟೆಗೆ ಮೊಬೈಲಿನಲ್ಲಿ ಸುದ್ದಿ:
ನಾಲ್ಕಕ್ಕೆ ಇನ್ನೊಂದು, ದೊಡ್ಡದು.
ಯಾರು ಹೇಳಿದ್ದು ಯಾರಿಗೂ ತಿಳಿಯದು,
ಕಳಿಸುವುದು ಮಾತ್ರ ಎಲ್ಲರೂ ಕಳಿಸಿದರು.
ಅರ್ಧ ಕೇರಿ ಗುಡ್ಡ ಹತ್ತಿತು.
ಹತ್ತುವ ಮುಂಚೆ ನನ್ನನ್ನು ತಡೆದು ಕೇಳಿದರು,
ಸಮುದ್ರ ಹಿಂದೆ ಸರಿದಿತ್ತಾ?
ಇಲ್ಲ, ಅಲ್ಲೇ ಇದೆ.
ನಾನೇ ಅದಕ್ಕೆ ಜಾಮೀನು ನಿಂತವನೆಂಬಂತೆ ನೋಡಿದರು.
ನಾಲ್ಕಾಯಿತು. ಐದಾಯಿತು.
ಏನೂ ಆಗಲಿಲ್ಲವೆಂದು ಒಬ್ಬಿಬ್ಬರಿಗೆ
ಸ್ವಲ್ಪ ಸಿಟ್ಟೇ ಬಂದಿತ್ತು.

ಸಂಜೆ ಚಹಾದಂಗಡಿಯಲ್ಲಿ ಕುಮಟೆಯಿಂದ ಬಂದವನೊಬ್ಬ
ನಿಮಗೆ ಹೇಗಾಯ್ತು ಎಂದು ಕೇಳಿದ.
ಎಲ್ಲರ ಬಳಿಯೂ ಒಂದೊಂದು ಏಳು ಸೆಕೆಂಡಿದೆ,
ನನ್ನ ಬಳಿ ಒಂದು ಬೀಡಿ.
'ದೋಣಿ ಒಮ್ಮೆ ಜಗ್ಗಿದ ಹಾಗಾಯ್ತು' ಅಂದೆ,
ಕೆಳಗಿನಿಂದ ಯಾರೋ ಹಿಡಿದು ಎಳೆದ ಹಾಗೆ.
ಶುದ್ಧ ಸುಳ್ಳು.
ಹೇಳಿ ಮುಗಿಸುವಷ್ಟರಲ್ಲಿ ಬಸಿಯಲ್ಲಿ ಕಪ್ಪು ಸದ್ದು ಮಾಡಿತು,
ನಡುಗುತ್ತಿದ್ದುದು ನನ್ನ ಕೈ.

ಈಗ ರಾತ್ರಿ. ಬಾಗಿಲಿಗೆ ಅಗಳಿ ಹಾಕಿಲ್ಲ.
ಶೇವಂತಿ ಚಪ್ಪಲಿ ಮೆಟ್ಟಿಕೊಂಡೇ ಮಲಗಿದ್ದಾಳೆ.
ತಲೆಯ ಬಳಿ ಲೋಟದಲ್ಲಿ ನೀರಿಟ್ಟಿದ್ದಾಳೆ,
ಕುಡಿಯಲಲ್ಲ, ಅಲುಗಿದರೆ ತಿಳಿಯಲೆಂದು.
ನಾನು ನೆಲಕ್ಕೆ ಅಂಗೈ ಇಟ್ಟು
ಇಷ್ಟು ವರ್ಷ ನೋಡದ ನೀರನ್ನು ನೋಡುವ ಹಾಗೆ
ಆ ಲೋಟ ನೋಡುತ್ತಿದ್ದೇನೆ.

ಹೆದ್ದಾರಿಯಲ್ಲಿ ಲಾರಿಯೊಂದು ಹಾದುಹೋಯಿತು.
ಇಬ್ಬರೂ ಎದ್ದು ಕೂತೆವು.